ನೆಲದೊಳಗಣ ಉಂಡೆಗಲ್ಲು: ಅದರ ಬೆಳವಣಿಗೆಯೂ ಬಿರುಕೂ

ಕೋಲಾರ ಸೀಮೆಯೆಂದೊಡನೆ ಎಲ್ಲರ ಮನಸ್ಸಿಗೂ ಮೊದಲು ಬರುವುದು ಚಿನ್ನದ ಗಣಿಯು. ಆ ಗಣಿಯು 2001ನೆಯ ಇಸವಿಯಲ್ಲಿ ಮುಚ್ಚಿಹೋಯಿತು. ಅದರ ಕೀರ್ತಿಯು ಮಾತ್ರ ಉಳಿದಿರುವುದು. ಈ ಸೀಮೆಯ ನೆಲವು ಚಿನ್ನಕ್ಕಿಂತಲೂ ಧಾರಾಳವಾಗಿ ಕೊಡುವ ಮತ್ತೊಂದು ಪದಾರ್ಥವುಂಟು. ಅದನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಿಲ್ಲ. ಬಾವಿ ತೋಡುವಾಗಲೂ, ಮನೆಗೆ ತಳಪಾಯ ಅಗೆಯುವಾಗಲೂ, ಮಾವಿನ ಸಸಿಗೆ ಗುಣಿ ತೆಗೆಯುವಾಗಲೂ ಮಣ್ಣಿನ ನಡುವೆ ಬೂದುಬಿಳುಪಿನ ಗಂಟುಗಂಟಾದ ಕಲ್ಲುಗಳು ಸಿಕ್ಕುವುವು. ಕೆಲವು ಗೋಲಿಯಷ್ಟು, ಕೆಲವು ನಿಂಬೆಹಣ್ಣಿನಷ್ಟು, ಕೆಲವು ಶುಂಠಿಯ ಗಡ್ಡೆಯಂತೆ ಕವಲೊಡೆದಿರುವುವು. ಇವನ್ನು ನಮ್ಮ ಜನರು ಸುಣ್ಣದ ಕಲ್ಲೆನ್ನುವರು. ಹಿಂದೂಸ್ಥಾನಿಯ ಕಂಕರವೆಂಬ ಹೆಸರನ್ನು ಭೂವಿಜ್ಞಾನಿಗಳು ತಮ್ಮ ಗ್ರಂಥಗಳಲ್ಲಿಯೂ ಹಾಗೆಯೇ ಇಟ್ಟುಕೊಂಡಿರುವರು.

ಈ ಅಲ್ಪವಾದ ಕಲ್ಲನ್ನು ನಮ್ಮ ಲೇಖನದ ವಿಷಯವನ್ನಾಗಿ ಆರಿಸಿಕೊಂಡುದಕ್ಕೆ ಕಾರಣವಿದೆ. ಅದು ಎಲ್ಲಿಂದಲೋ ಉರುಳಿ ಬಂದ ಕಲ್ಲಲ್ಲ. ಸಿಕ್ಕಿದ ಸ್ಥಳದಲ್ಲಿಯೇ, ನೀರಿನಿಂದ, ಕಣಕಣವಾಗಿ ಬೆಳೆದುದು. ನೀರು ತನ್ನೊಳಗಿಂದ ಯಾವುದನ್ನು ನೆಲಕ್ಕೆ ಬಿಟ್ಟಿತೆಂಬುದಕ್ಕೆ ಆ ಕಲ್ಲೇ ಸಾಕ್ಷಿ. ಹೀಗೆ ಬಿಟ್ಟಮೇಲೆ ನೀರಿನಲ್ಲಿ ಏನು ಉಳಿಯಿತೆಂಬುದನ್ನು ವಿಚಾರಿಸಬೇಕಾದವರು ಆ ನೀರನ್ನು ಮಕ್ಕಳಿಗೆ ಕುಡಿಸುವ ತಾಯಂದಿರು. ಆದಕಾರಣ ಈ ಪಾಠವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥಿಸುತ್ತೇವೆ.

1. ಸುಣ್ಣವು ಎಲ್ಲಿಂದ ಬಂದಿತು?

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹೋಬಳಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಅಲ್ಲಿ ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಶಿಥಿಲವಾದ ಕಲ್ಲು. ಅದಕ್ಕೂ ಕೆಳಗೆ ಗಟ್ಟಿಯಾದ ನೈಸ್ ಮತ್ತು ಗ್ರಾನೈಟ್ ಬಂಡೆ. ಕೋಲಾರ ಸೀಮೆಯ ಈ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷಗಳು ಅಥವಾ ಅದಕ್ಕಿಂತಲೂ ಹೆಚ್ಚು ವಯಸ್ಸಾಗಿದೆ. ಇವು ಸುಣ್ಣದ ಬಂಡೆಗಳಲ್ಲ. ಹಾಗಾದರೆ ಮಣ್ಣಿನಲ್ಲಿ ಸುಣ್ಣವು ಹೇಗೆ ಬಂದಿತು?

ಗ್ರಾನೈಟನ್ನು ಕೈಯಲ್ಲಿ ಹಿಡಿದು ನೋಡಿದರೆ ಹೊಳೆಯುವ ಬೆಣಚು, ಕಪ್ಪಾದ ಕಾಗೆಬಂಗಾರ, ಬಿಳುಪು ಅಥವಾ ನಸುಗೆಂಪಾದ ಫೆಲ್ಡ್‌ಸ್ಪಾರ್ ಎಂಬ ಖನಿಜಗಳು ಕಾಣುವುವು. ಬಿಳಿಯ ಫೆಲ್ಡ್‌ಸ್ಪಾರಿನಲ್ಲಿ ಸುಣ್ಣದ ಮೂಲವಸ್ತುವಾದ ಕ್ಯಾಲ್ಸಿಯಂ ಸ್ವಲ್ಪಮಟ್ಟಿಗೆ ಇರುವುದು. ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿಕೊಳ್ಳುವುದು. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗೆ ಈ ವಾಯುವು ಹೊರಗಣ ಗಾಳಿಯಲ್ಲಿರುವುದಕ್ಕಿಂತ ಹತ್ತಾರು ಮಡಿ ಹೆಚ್ಚಾಗಿರುವುದುಂಟು. ಅದನ್ನು ಹೀರಿದ ನೀರು ಅತಿ ಮೃದುವಾದ ಆಮ್ಲವಾಗಿ, ಬಂಡೆಯ ಕಣಗಳನ್ನು ಸಾವಿರಾರು ವರ್ಷ ನೆಕ್ಕುತ್ತ, ಅವುಗಳಲ್ಲಿನ ಕ್ಯಾಲ್ಸಿಯಮನ್ನು ಕರಗಿಸಿಕೊಳ್ಳುವುದು. ಗಾಳಿಯಲ್ಲಿ ಬಂದು ಬೀಳುವ ಧೂಳೂ ತನ್ನ ಪಾಲಿನ ಸುಣ್ಣವನ್ನು ಕೂಡಿಸುವುದು.

ಮಲೆನಾಡಿನಲ್ಲಾದರೆ ಈ ಸುಣ್ಣವೆಲ್ಲವೂ ಮಳೆಯೊಡನೆ ತೊಳೆದು ಹೊಳೆಗೆ ಸೇರಿಬಿಡುವುದು. ಕೋಲಾರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 70ರಿಂದ 75 ಸೆಂಟಿಮೀಟರ್ ಮಾತ್ರ. ಬಿದ್ದ ನೀರು ಕೆಲವು ಅಡಿಗಳಷ್ಟು ಇಳಿಯುವುದರೊಳಗೆ ಬೇಸಿಗೆ ಬರುವುದು. ಬೇರುಗಳು ನೀರನ್ನು ಹೀರುವುವು, ಬಿಸಿಲು ಒಣಗಿಸುವುದು, ಇಂಗಾಲಾಮ್ಲ ವಾಯುವು ಹಾರಿಹೋಗುವುದು. ಆಗ ನೀರಿಗೆ ಸುಣ್ಣವನ್ನು ಹೊತ್ತಿರುವ ಶಕ್ತಿಯಿಲ್ಲ. ಬಚ್ಚಲ ಹಂಡೆಯಲ್ಲಿ ಗಡುಸು ನೀರನ್ನು ದಿನವೂ ಕಾಯಿಸಿದರೆ ಒಳಮೈಗೆ ಬಿಳಿಯ ಪದರವು ಹೇಗೆ ಅಂಟುವುದೋ ಹಾಗೆಯೇ ನೆಲದೊಳಗೂ ಸುಣ್ಣವು ಕಲ್ಲಾಗಿ ಕೂರುವುದು. ಹಂಡೆಯಲ್ಲಿ ಕೆಲವು ತಿಂಗಳಲ್ಲಿ ನಡೆಯುವ ಕೆಲಸವು ನೆಲದೊಳಗೆ ಸಹಸ್ರಾರು ವರ್ಷಗಳಲ್ಲಿ ನಡೆಯುವುದು, ವ್ಯತ್ಯಾಸವಿಷ್ಟೆ.

2. ಪದರವಾಗದೆ ಉಂಡೆಯಾಗುವುದೇಕೆ?

ಕಲ್ಲುಸಕ್ಕರೆ ಮಾಡುವವರು ಸಕ್ಕರೆಯ ಪಾಕದಲ್ಲಿ ಒಂದು ದಾರವನ್ನು ಇಳಿಬಿಡುವರು. ಹರಳುಗಳು ಪಾಕದಲ್ಲೆಲ್ಲ ಹುಟ್ಟದೆ ದಾರವನ್ನೇ ಹಿಡಿದು ಬೆಳೆಯುವುವು. ಕರಗಿದ ವಸ್ತುವಿಗೆ ಹೊಸದಾಗಿ ಹರಳನ್ನು ಆರಂಭಿಸುವುದು ಕಷ್ಟ. ಇರುವ ಹರಳಿನ ಮೇಲೆ ಕೂರುವುದು ಸುಲಭ. ಮಣ್ಣಿನೊಳಗೂ ಇದೇ ನ್ಯಾಯ. ಒಂದು ಬೇರಿನ ಚೂರು, ಬಸವನಹುಳುವಿನ ಚಿಪ್ಪಿನ ತುಣುಕು, ಒಂದು ಮರಳ ಕಣ, ಹೀಗೆ ಯಾವುದೋ ಒಂದು ಬೀಜದ ಸುತ್ತ ಮೊದಲ ಸುಣ್ಣವು ಕೂರುವುದು. ಕೂತೊಡನೆ ಅದರ ಪಕ್ಕದ ನೀರಿನಲ್ಲಿ ಸುಣ್ಣವು ಕಡಿಮೆಯಾಗುವುದು. ದೂರದ ನೀರಿನಲ್ಲಿರುವ ಸುಣ್ಣವು ಆ ಕೊರತೆಯನ್ನು ತುಂಬಲು ಮೆಲ್ಲಮೆಲ್ಲನೆ ಅತ್ತ ಹರಿಯುವುದು. ನಾಲ್ಕು ಕಡೆಯಿಂದಲೂ ಸಮನಾಗಿ ಹರಿದು ಬಂದರೆ ಕಲ್ಲು ಗುಂಡಗಾಗುವುದು. ಒಂದು ದಿಕ್ಕಿನಿಂದ ಹೆಚ್ಚಾಗಿ ಬಂದರೆ ಚಪ್ಪಟೆಯಾಗಿಯೋ ಉದ್ದವಾಗಿಯೋ ಬೆಳೆಯುವುದು.

ಇಲ್ಲಿ ಮುಖ್ಯವಾದ ಒಂದು ಸಂಗತಿಯನ್ನು ಗಮನಿಸಬೇಕು. ಈ ಸುಣ್ಣವು ಬಹುಮಟ್ಟಿಗೆ ಮಣ್ಣನ್ನು ದೂಡಿ ತನಗೆ ಸ್ಥಳ ಮಾಡಿಕೊಳ್ಳುವುದಿಲ್ಲ. ಮಣ್ಣಿನ ಕಣಗಳ ನಡುವಣ ಸಂದುಗಳನ್ನು ತುಂಬಿ ಅವನ್ನು ಬೆಸೆಯುವುದು. ಆದುದರಿಂದಲೇ ಕಂಕರವನ್ನು ಒಡೆದರೆ ಅದರೊಳಗೆ ಜೇಡಿಯೂ ಮರಳೂ ಸೆರೆಯಾಗಿರುವುದು ಕಾಣುವುದು.

3. ಸಮುದ್ರದ ಕೆಸರಿನಲ್ಲಿ ಹುಟ್ಟುವ ಉಂಡೆಗಳು

ಒಣಸೀಮೆಯ ಮಣ್ಣಿನಲ್ಲಿ ಬಿಸಿಲು ಮಾಡುವ ಕೆಲಸವನ್ನು ಸಮುದ್ರದ ಕೆಳಗಣ ಕೆಸರಿನಲ್ಲಿ ಬೇರೊಂದು ಶಕ್ತಿಯು ಮಾಡುವುದು. ನಮ್ಮ ಬಂಡೆಗಳ ನಾಡಿನಲ್ಲಿ ಪುರಾತನ ಸಮುದ್ರದ ಕೆಸರು ಇಲ್ಲ. ಅದನ್ನು ನೋಡಬೇಕಾದರೆ ದಕ್ಷಿಣಕ್ಕೆ ತಿರುಚಿರಾಪಳ್ಳಿಯ ಕಡೆ ಹೋಗಬೇಕು. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಆ ಪ್ರಾಂತದ ಮೇಲೆ ಕಡಲು ಹಬ್ಬಿತ್ತು. ಉತ್ತತ್ತೂರು, ಕಾರೈ ಎಂಬ ಹಳ್ಳಿಗಳ ಬಳಿಯ ಜೇಡಿಯಲ್ಲಿ ಕಡಲ ಪ್ರಾಣಿಗಳ ಅವಶೇಷಗಳೂ ಫಾಸ್ಫೇಟಿನ ಉಂಡೆಗಳೂ ದೊರೆಯುವುವು.

ಕಡಲಿನಲ್ಲಿ ಸತ್ತ ಮೀನೋ ಚಿಪ್ಪಿನ ಪ್ರಾಣಿಯೋ ಕೆಸರಿನೊಳಗೆ ಹೂತುಹೋದಮೇಲೆ ಅಲ್ಲಿಗೆ ಆಮ್ಲಜನಕವು ತಲಪದು. ಆಮ್ಲಜನಕವಿಲ್ಲದೆ ಬದುಕಬಲ್ಲ ಸೂಕ್ಷ್ಮಜೀವಿಗಳು ಕಡಲ ನೀರಿನಲ್ಲಿನ ಗಂಧಕದ ಲವಣವನ್ನು ಉಪಯೋಗಿಸಿಕೊಂಡು ಆ ದೇಹವನ್ನು ಕೊಳೆಯಿಸುವುವು. ಆಗ ಕೊಳೆತ ಮೊಟ್ಟೆಯ ವಾಸನೆಯ ವಾಯುವೊಂದು ಹುಟ್ಟುವುದು. ಅದರೊಡನೆ ಬೈಕಾರ್ಬೊನೇಟೂ ಹುಟ್ಟಿ, ನೀರಿನಲ್ಲಿರುವ ಕ್ಯಾಲ್ಸಿಯಂ ಅಥವಾ ಕಬ್ಬಿಣದೊಡನೆ ಕೂಡಿ, ಸತ್ತ ದೇಹದ ಸುತ್ತಲೇ ಕಲ್ಲಿನ ಕವಚವನ್ನು ಕಟ್ಟತೊಡಗುವುದು. ಕೊಳೆಯುವ ಕ್ರಿಯೆಯೇ ಕಾಪಾಡುವ ಕ್ರಿಯೆಯೂ ಆಗುವುದು ಪ್ರಕೃತಿಯ ವಿಚಿತ್ರವು.

ಹೊಸ ಕೆಸರಿನ ಗಾತ್ರದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುವುದುಂಟು. ಮೇಲೆ ಮೇಲೆ ಕೆಸರು ಬೀಳುತ್ತ ಹೋದಂತೆ ಆ ನೀರು ಹಿಂಡಿಹೋಗಿ ಪದರಗಳು ತೆಳ್ಳಗಾಗುವುವು. ಅದಕ್ಕೆ ಮುಂಚೆಯೇ ಗಟ್ಟಿಯಾದ ಉಂಡೆಯು ಮಾತ್ರ ಜಜ್ಜಿಹೋಗದೆ ಉಳಿಯುವುದು; ಸುತ್ತಣ ಪದರಗಳು ತಲೆದಿಂಬಿನ ಮೇಲೆ ಹೊದಿಸಿದ ಕಂಬಳಿಯಂತೆ ಅದರ ಮೇಲೂ ಕೆಳಗೂ ಬಾಗಿರುವುವು. ಉಂಡೆಯೊಳಗಿನ ಮೀನು ತನ್ನ ದುಂಡುತನವನ್ನು ಉಳಿಸಿಕೊಂಡಿದ್ದರೆ, ಹೊರಗಿನ ಜೇಡಿಯಲ್ಲಿ ಸಿಕ್ಕಿದ ಅದರ ಜಾತಿಯ ಮೀನು ಕಾಗದದಂತೆ ಚಪ್ಪಟೆಯಾಗಿರುವುದು. ಉಂಡೆಯು ಯಾವಾಗ ಹುಟ್ಟಿತೆಂದು ಕೇಳಿದರೆ ಈ ಎರಡು ಗುರುತುಗಳೇ ಉತ್ತರ ಕೊಡುವುವು: ಕೆಸರು ಇನ್ನೂ ಮೆತ್ತಗಿದ್ದಾಗಲೇ. ನ್ಯೂಜಿಲೆಂಡಿನ ಮೊಯೆರಾಕಿ ಎಂಬ ಕಡಲ ತೀರದಲ್ಲಿ ಎರಡು ಮೀಟರಿನಷ್ಟು ಅಡ್ಡಗಲವುಳ್ಳ ಗುಂಡುಗಳು ಬಿದ್ದಿವೆ. ಅವುಗಳಲ್ಲಿ ದೊಡ್ಡವು ಬೆಳೆಯಲು ನಾಲ್ಕು ಐದು ದಶಲಕ್ಷ ವರ್ಷಗಳು ಬೇಕಾದುವೆಂದು ವಿದ್ವಾಂಸರು ಗಣಿಸಿರುವರು.

4. ಬಿರುಕಿನ ರಹಸ್ಯ

ಮೊಯೆರಾಕಿಯ ಗುಂಡುಗಳಲ್ಲಿಯೂ, ಇಂಗ್ಲೆಂಡಿನ ಥೇಮ್ಸ್ ನದಿಯ ಮುಖದ ಜೇಡಿಯಲ್ಲಿ ಸಿಕ್ಕುವ ಉಂಡೆಗಳಲ್ಲಿಯೂ, ಒಡೆದು ನೋಡಿದರೆ ಒಳಗೆ ಬಿರುಕುಗಳ ಒಂದು ಜಾಲವು ಕಾಣುವುದು. ಬಿರುಕುಗಳಲ್ಲಿ ಹರಳು ತುಂಬಿಕೊಂಡು ಕಲ್ಲನ್ನು ಕೋಣೆಕೋಣೆಯಾಗಿ ವಿಭಾಗಿಸಿರುವುದರಿಂದ, ಅಡ್ಡಗೋಡೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಇವಕ್ಕೆ ಸೆಪ್ಟೇರಿಯ ಎಂದು ಹೆಸರಿಟ್ಟರು. ಹೊರಮೈ ಸವೆದ ಕಲ್ಲಿನಲ್ಲಿ ಈ ಗೆರೆಗಳು ಆಮೆಯ ಬೆನ್ನಿನಂತೆ ಕಾಣುವುದರಿಂದ ಜನರು ಆಮೆಗಲ್ಲೆಂದೂ ಕರೆದರು. ಕಲ್ಲಾದ ಆಮೆಯೆಂದೇ ನಂಬಿದವರೂ ಇದ್ದರು.

ಈ ಬಿರುಕು ಹೇಗಾಯಿತೆಂಬುದನ್ನು ತಿಳಿಯಲು ನಮ್ಮ ಕೆರೆಯ ಅಂಗಳಕ್ಕಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ. ಚೈತ್ರ ವೈಶಾಖಗಳಲ್ಲಿ ಕೆರೆಯ ಗೋಡು ಒಣಗಿ ಸೀಳುವುದನ್ನು ಯಾರು ನೋಡಿಲ್ಲ? ಆ ಸೀಳು ಮೇಲೆ ಅಗಲವಾಗಿ ಕೆಳಗೆ ಹೋದಂತೆ ಕಿರಿದಾಗುವುದು. ಕಾರಣವು ಸ್ಪಷ್ಟವು: ಬಿಸಿಲು ತಾಗುವ ಹೊರಮೈ ಮೊದಲು ಒಣಗಿ ಕುಗ್ಗುವುದು, ಒಳಗಿನ ಹಸಿ ಗೋಡು ಹಾಗೆಯೇ ಇರುವುದು. ಈಗ ಉಂಡೆಗಲ್ಲಿನ ಬಿರುಕನ್ನು ಇದರೊಡನೆ ಹೋಲಿಸಿ ನೋಡಿರಿ. ಅಲ್ಲಿ ಎಲ್ಲವೂ ತಿರುವುಮುರುವು. ಬಿರುಕು ಕಲ್ಲಿನ ನಡುವಿನಲ್ಲಿ ಅಗಲವಾಗಿದ್ದು, ಹೊರಗಡೆಗೆ ಬರುತ್ತ ಬರುತ್ತ ದಾರದಂತೆ ಸಣ್ಣಗಾಗಿ, ಅನೇಕ ವೇಳೆ ಹೊರಮೈ ಮುಟ್ಟುವುದಕ್ಕೆ ಮೊದಲೇ ನಿಂತುಹೋಗುವುದು. ಹಾಗಾದರೆ ಸೀಳಿದುದು ಹೊರಗಿನಿಂದಲ್ಲ, ಒಳಗಿನಿಂದ. ಹೊರಚಿಪ್ಪು ಗಟ್ಟಿಯಾಗಿ ತನ್ನ ಅಳತೆಯನ್ನು ಹಿಡಿದುಕೊಂಡಿತ್ತು. ಒಳಗಿನ ತಿರುಳು ಅದಕ್ಕೆ ಒಪ್ಪದೆ ಬಿರಿಯಿತು. ಒಂದು ಸೀಳಿನ ಆಕಾರವನ್ನು ಸರಿಯಾಗಿ ನೋಡಿದ ಮಾತ್ರದಿಂದಲೇ ಇಷ್ಟು ತಿಳಿಯುವುದು.

ತಿರುಳು ಬಿರಿಯಲು ಕಾರಣವೇನೆಂಬಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಮೊದಲಲ್ಲಿ ಲೋಳೆಯಂತಿದ್ದ ತಿರುಳು ತನ್ನ ನೀರನ್ನು ಬಿಟ್ಟು ಕುಗ್ಗಿತೆಂಬುದು ಹಳೆಯ ಮತವು. ಮೇಲಿನ ಕೆಸರಿನ ಭಾರವು ಬೇಗಬೇಗನೆ ಹೆಚ್ಚಿದಾಗ, ಹೊರಗೆ ಹೋಗಲು ದಾರಿಯಿಲ್ಲದ ಒಳನೀರು ಒತ್ತಿ ಕಲ್ಲನ್ನು ಸೀಳಿತೆಂಬುದು ಮತ್ತೊಂದು ಮತವು. ಭೂಕಂಪದ ಅಲುಗಾಟದಿಂದ ಅರೆಗಟ್ಟಿಯಾದ ಉಂಡೆಗಳು ಬಿರಿದುವೆಂದು ಹೇಳುವವರೂ ಉಂಟು. ಎಲ್ಲ ಕಡೆಯ ಉಂಡೆಗಳಿಗೂ ಒಂದೇ ಕಾರಣವಿರಬೇಕೆಂಬ ನಿಯಮವೇನೂ ಇಲ್ಲ.

ಬಿರಿದ ಕಲ್ಲು ಹಾಗೆಯೇ ಉಳಿಯುವುದಿಲ್ಲ. ಸೀಳಿನೊಳಗೆ ಮತ್ತೆ ನೀರು ಜಿನುಗಿ, ಎರಡು ಗೋಡೆಗಳ ಮೇಲೂ ಸುಣ್ಣದ ಹರಳುಗಳು ಹುಟ್ಟಿ, ನಡುವಿಗೆ ಬೆಳೆಯುತ್ತ ಬರುವುವು. ಮೊದಲ ಪದರವು ಕಂದು, ಮೇಲಿನದು ಹಳದಿ ಅಥವಾ ಬಿಳುಪು, ಹೀಗೆ ಬಣ್ಣಗಳು ಬೇರೆಬೇರೆಯಾಗಿರುವುವು. ನೀರಿನ ಗುಣವು ಕಾಲಕಾಲಕ್ಕೆ ಬದಲಾದುದನ್ನು ಅವು ತೋರಿಸುವುವು.

ನಮ್ಮ ಕಂಕರದಲ್ಲಿಯೂ ಬಿರುಕುಗಳುಂಟು. ಅದು ಬೆಳೆಯುವ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದು; ಉಂಡೆಯೊಳಗೆ ಸೆರೆಸಿಕ್ಕ ಜೇಡಿಯೂ ಹಾಗೆಯೇ ಮಾಡುವುದು. ಹೀಗಾಗಿ ಒಡೆದ ಕಂಕರದ ನಡುವೆ ಕೆಲವು ವೇಳೆ ಗಾಜಿನಂತೆ ಹೊಳೆಯುವ ಹರಳಿನ ಗೆರೆಗಳೂ, ಮ್ಯಾಂಗನೀಸಿನ ಕರಿಯ ಕಲೆಗಳೂ ಕಾಣುವುವು. ಪ್ರತಿಯೊಂದು ಗೆರೆಯೂ ಒಂದು ಒಣಗಾಲದ, ಅದರ ಹಿಂದೆ ಬಂದ ಒಂದು ಹಸಿಗಾಲದ ಗುರುತು.

5. ಈ ಕಲ್ಲಿನಿಂದಾದ ಉಪಕಾರ

ಬರಿಯ ಸುಣ್ಣವನ್ನು ಸುಟ್ಟು ಕಲಸಿದ ಗಾರೆಯು ಗಾಳಿಯಲ್ಲಿ ಗಟ್ಟಿಯಾಗುವುದು, ನೀರಿನೊಳಗೆ ಗಟ್ಟಿಯಾಗದು. ಜೇಡಿ ಬೆರೆತ ಸುಣ್ಣಗಲ್ಲನ್ನು ಸುಟ್ಟರೆ ಮಾತ್ರ ನೀರಿನೊಳಗೂ ಗಟ್ಟಿಯಾಗುವ ಗಾರೆ ದೊರೆಯುವುದು. ಜೇಮ್ಸ್ ಪಾರ್ಕರ್ ಎಂಬಾತನು ಥೇಮ್ಸ್ ಮುಖದ ಷೆಪ್ಪಿ ದ್ವೀಪದ ಬಿರುಕುಗಲ್ಲುಗಳನ್ನು ಸುಟ್ಟು ಪುಡಿಮಾಡಿ, 1796ರಲ್ಲಿ ಅದಕ್ಕೆ ಸರ್ಕಾರದ ಹಕ್ಕುಪತ್ರವನ್ನು ಪಡೆದನು. ಅದೇ ರೋಮನ್ ಸಿಮೆಂಟೆಂದು ಪ್ರಸಿದ್ಧವಾಯಿತು. ನಮ್ಮ ದೇಶದಲ್ಲಿ ಕಂಕರದ ಸುಣ್ಣವು ಇದೇ ಗುಣದಿಂದ ಬಾವಿ, ಕಾಲುವೆ, ತೂಬುಗಳ ಕೆಲಸಕ್ಕೆ ಬಂದಿತು. ಗೋಡೆಗೆ ಬಳಿಯಲು ಅದು ಅಷ್ಟು ಬಿಳುಪಲ್ಲ; ಕಲ್ಲನ್ನು ಬೆಸೆಯಲು ಮಾತ್ರ ಬಹು ಗಟ್ಟಿಯು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯನ್ನು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರಸಿದ ಸುರ್ಕಿ ಗಾರೆಯಿಂದ ಕಟ್ಟಿದರೆಂಬುದು ಎಲ್ಲರಿಗೂ ತಿಳಿದದ್ದೇ. ಸುಟ್ಟ ಜೇಡಿಯೂ ಸುಣ್ಣವೂ ಕೂಡಿದರೆ ನೀರನ್ನು ತಡೆಯುವ ಗಾರೆಯಾಗುವುದೆಂಬ ತತ್ತ್ವವು ಎರಡರಲ್ಲಿಯೂ ಒಂದೇ.

6. ನೀರಿನಲ್ಲಿ ಉಳಿದದ್ದು

ಈಗ ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ನೀರು ತನ್ನ ಕ್ಯಾಲ್ಸಿಯಮನ್ನು ಕಲ್ಲಾಗಿ ಬಿಟ್ಟಮೇಲೆ ಅದರಲ್ಲಿ ಏನು ಉಳಿಯುವುದು?

ಗ್ರಾನೈಟಿನ ಕಪ್ಪು ಕಾಗೆಬಂಗಾರದಲ್ಲಿಯೂ ಅಪಟೈಟ್ ಮೊದಲಾದ ಖನಿಜಗಳಲ್ಲಿಯೂ ಫ್ಲೋರಿನ್ ಎಂಬ ಮೂಲವಸ್ತುವಿದೆ. ನೀರು ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತರೆ ಅದು ಫ್ಲೋರೈಡಾಗಿ ನೀರಿಗೆ ಸೇರುವುದು. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ ಕರಗದ ವಸ್ತುವಾಗಿ, ಫ್ಲೋರೈಡು ಮಿತಿಮೀರಿ ಹೆಚ್ಚದಂತೆ ಕಾವಲುಗಾರನಂತೆ ತಡೆಯುವುದು. ಆ ಕ್ಯಾಲ್ಸಿಯಮೇ ಕಂಕರವಾಗಿ ಹೋದಮೇಲೆ ಕಾವಲು ತಪ್ಪುವುದು. ನೀರಿನಲ್ಲಿ ಸೋಡದ ಅಂಶವು ಮೇಲಾಗಿ, ಫ್ಲೋರೈಡು ಅಡ್ಡಿಯಿಲ್ಲದೆ ಹೆಚ್ಚುತ್ತ ಹೋಗುವುದು. ಒಣಸೀಮೆಯ ಗ್ರಾನೈಟಿನ ನಾಡುಗಳಲ್ಲಿ ಕಂಕರವೂ ಫ್ಲೋರೈಡಿನ ನೀರೂ ಅನೇಕ ಕಡೆ ಒಟ್ಟಿಗೆ ಕಾಣಬರುವುದಕ್ಕೆ ಇದು ಒಂದು ಮುಖ್ಯ ಕಾರಣವು.

ನಮ್ಮ ದೇಶದಲ್ಲಿ ಈ ನೀರಿನಿಂದಾಗುವ ವ್ಯಾಧಿಯನ್ನು 1937ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಷಾರ್ಟ್ ಮೊದಲಾದ ವೈದ್ಯರು ಗುರುತಿಸಿ ಪ್ರಕಟಿಸಿದರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮುಳಬಾಗಲು ತಾಲ್ಲೂಕುಗಳ ಎಷ್ಟೋ ಕೊಳವೆ ಬಾವಿಗಳಲ್ಲಿ ಫ್ಲೋರೈಡು ಮಿತಿಯನ್ನು ಮೀರಿರುವುದು ಪರೀಕ್ಷೆಗಳಿಂದ ತಿಳಿದಿದೆ. ಭಾರತದ ಮಾನಕದಂತೆ ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಮಿನೊಳಗೆ ಇರುವುದು ಉತ್ತಮ. ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಎಳೆಯ ಮಕ್ಕಳು ಕುಡಿದರೆ, ದವಡೆಯೊಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲುಗಳ ಮೇಲೆ ಬಿಳಿಯ ಅಥವಾ ಕಂದಿನ ಕಲೆಗಳು ಬೀಳುವುವು. ಸುಮಾರು ಎಂಟು ವರ್ಷದೊಳಗೆ ಬಿದ್ದ ಆ ಗುರುತು ಉಜ್ಜಿದರೆ ಹೋಗದು. ಇನ್ನೂ ಹೆಚ್ಚು ಫ್ಲೋರೈಡನ್ನು ಹಲವು ವರ್ಷ ಕುಡಿದವರಿಗೆ ಕೀಲುಗಳೂ ಬೆನ್ನೆಲುಬೂ ಪೆಡಸಾಗಿ ಬಾಗುವುದಕ್ಕೂ ಏಳುವುದಕ್ಕೂ ಕಷ್ಟವಾಗುವುದು.

ಇಲ್ಲಿ ಗೃಹಿಣಿಯರು ಎಚ್ಚರ ವಹಿಸಬೇಕಾದ ಒಂದು ವಿಷಯವುಂಟು. ಬೇಳೆ ಚೆನ್ನಾಗಿ ಬೆಂದರೆ, ಸಾಬೂನು ನೊರೆ ಕೊಟ್ಟರೆ ಅದು ಒಳ್ಳೆಯ ನೀರು. ಬೇಳೆ ಬೇಯದಿದ್ದರೆ, ಹಂಡೆಗೆ ಬಿಳುಪು ಕಟ್ಟಿದರೆ ಕೆಟ್ಟ ನೀರು ಎಂಬುದು ಮನೆಮನೆಯ ಪರೀಕ್ಷೆಯು. ಗಡುಸುತನದ ವಿಷಯದಲ್ಲಿ ಈ ಪರೀಕ್ಷೆ ಸರಿಯಾದುದೇ. ಫ್ಲೋರೈಡಿನ ವಿಷಯದಲ್ಲಿ ಅದು ಏನನ್ನೂ ಹೇಳದು. ಕ್ಯಾಲ್ಸಿಯಂ ಕಳೆದುಕೊಂಡು ಸೋಡದ ಅಂಶ ಹೆಚ್ಚಿದ ನೀರಿನಲ್ಲಿ ಬೇಳೆಯೂ ಬೇಯುವುದು, ನೊರೆಯೂ ಬರುವುದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ತಿಳಿಯದು. ಹೀಗಿರಲು ಮನೆಯವರೆಲ್ಲರೂ ಮೆಚ್ಚಿದ ನೀರೇ ಕೆಲವು ವೇಳೆ ಮಕ್ಕಳಿಗೆ ಅಪಾಯಕರವಾಗಿರಬಹುದು.

ನೀರನ್ನು ಕುದಿಸುವುದು ರೋಗಾಣುಗಳನ್ನು ಕೊಲ್ಲಲು ಉತ್ತಮವಾದ ಉಪಾಯವು. ಆದರೆ ಕುದಿಸಿದರೆ ಫ್ಲೋರೈಡು ಹೋಗದು. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಮಂದವಾಗುವುದು. ಬಟ್ಟೆಯಲ್ಲಿ ಸೋಸಿದರೂ ಹೋಗದು. ಪಟಿಕವನ್ನೂ ಸುಣ್ಣವನ್ನೂ ಅಳತೆಯಂತೆ ಬೆರಸಿ ತಿಳಿಗೊಳಿಸುವ ನಲಗೊಂಡ ವಿಧಾನ, ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಅಲ್ಯೂಮಿನದ ಶೋಧಕ, ಈಚೆಗೆ ಹಳ್ಳಿಹಳ್ಳಿಗಳಲ್ಲಿ ನಿಂತಿರುವ ಶುದ್ಧ ನೀರಿನ ಘಟಕ, ಇವುಗಳಿಂದ ಅದನ್ನು ತೆಗೆಯಬಹುದು. ಶುಚಿಯಾದ ಮಾಳಿಗೆಯಿಂದ ಹಿಡಿದು ಮುಚ್ಚಿಟ್ಟ ಮಳೆಯ ನೀರಿನಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಿಮೆ. ಆಹಾರದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಶರೀರವು ಫ್ಲೋರೈಡನ್ನು ಕಡಿಮೆಯಾಗಿ ಹೀರುವುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನೀರಿನಿಂದ ಕಲ್ಲು ಕಸಿದುಕೊಂಡುದನ್ನು ನಮ್ಮ ಹೊಲದ ರಾಗಿಯು ಸ್ವಲ್ಪಮಟ್ಟಿಗೆ ಹಿಂದಕ್ಕೆ ಕೊಡುವುದು. ಹಾಗೆಂದು ಮುದ್ದೆಯನ್ನು ನಂಬಿ ಕೆಟ್ಟ ನೀರನ್ನು ಕುಡಿಯಬಾರದು.

7. ಮಾಡಿ ನೋಡಬೇಕಾದುದು

ಈ ಪಾಠವನ್ನು ಓದಿ ಬಿಡದೆ ಎರಡು ಕೆಲಸಗಳನ್ನು ಮಾಡಿ ನೋಡಬೇಕೆಂದು ನಮ್ಮ ಅಪೇಕ್ಷೆ.

ಮೊದಲನೆಯದು ಮಕ್ಕಳಿಗೆ. ಹೊಸದಾಗಿ ಅಗೆದ ಗುಣಿಯ ಬಳಿ ಬಿದ್ದಿರುವ ಒಂದು ಸುಣ್ಣದ ಕಲ್ಲನ್ನು ತಂದು, ಗೋಣಿಯಲ್ಲಿ ಸುತ್ತಿ, ದೊಡ್ಡವರ ಕೈಯಿಂದ ಒಡೆಯಿಸಿರಿ. ಒಡೆದ ಮೈಯನ್ನು ನೋಡಿ ಬಿರುಕು ಎಲ್ಲಿ ಅಗಲ, ಎಲ್ಲಿ ಕಿರಿದು ಎಂಬುದನ್ನು ಗುರುತಿಸಿರಿ. ಒಂದು ಚೂರನ್ನು ಪುಡಿಮಾಡಿ ನಿಂಬೆಯ ರಸವನ್ನು ಬಿಟ್ಟರೆ ಸಣ್ಣ ಗುಳ್ಳೆಗಳೇಳುವುವು. ಯಾವುದೋ ಕಾಲದ ಮಣ್ಣಿನಲ್ಲಿ ಸುಣ್ಣದೊಡನೆ ಸೆರೆಯಾದ ಇಂಗಾಲಾಮ್ಲ ವಾಯುವು ಅಂದು ಬಿಡುಗಡೆ ಹೊಂದುವುದು.

ಎರಡನೆಯದು ತಾಯಂದಿರಿಗೆ. ನೀವು ಕುಡಿಯುವ ಬಾವಿಯ ನೀರನ್ನು ಶುಚಿಯಾದ ಪ್ಲಾಸ್ಟಿಕ್ ಸೀಸೆಯಲ್ಲಿ ತುಂಬಿ, ಜಿಲ್ಲೆಯ ಕುಡಿಯುವ ನೀರಿನ ಪರೀಕ್ಷಾಲಯಕ್ಕೆ ಕಳುಹಿಸಿರಿ. ಗಾಜು ಫ್ಲೋರೈಡಿನೊಡನೆ ಕೂಡುವುದಾದುದರಿಂದ ಗಾಜಿನ ಸೀಸೆ ಬೇಡ. ನೆರೆಮನೆಯ ಬಾವಿಯ ಲೆಕ್ಕವನ್ನು ನಿಮ್ಮ ಬಾವಿಗೆ ಹಿಡಿಯಬೇಡಿರಿ. ಒಂದೇ ಊರಿನ ಎರಡು ಕೊಳವೆ ಬಾವಿಗಳ ನೀರು ಬೇರೆಬೇರೆಯಾಗಿರುವುದುಂಟು. ಒಂದೇ ಬಾವಿಯ ನೀರೂ ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು ಬಗೆಯಾಗಿರಬಹುದಾದ ಕಾರಣ ವರ್ಷಕ್ಕೆರಡು ಸಲ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬಂದ ಉತ್ತರದಲ್ಲಿ ಫ್ಲೋರೈಡಿನ ಮುಂದಿರುವ ಅಂಕಿಯನ್ನು ನೋಡಿ, ಮಕ್ಕಳಿಗೆ ಸೂಜಿಮದ್ದು ಹಾಕಿಸಿದ ತಾರೀಖುಗಳನ್ನು ಬರೆದಿಟ್ಟುಕೊಂಡಿರುವ ಪುಸ್ತಕದಲ್ಲಿಯೇ ಬರೆದಿಡಿರಿ. ಆ ಅಂಕಿಯು 1.5ನ್ನು ಮೀರಿದ್ದರೆ ಆ ದಿನದಿಂದಲೇ ಮಕ್ಕಳಿಗೆ ಬೇರೆ ನೀರನ್ನು ಗೊತ್ತುಮಾಡಿರಿ.